ಕೇದಾರದ ಹಿಮನದಿ ಮತ್ತು ಕನ್ನಡ ಪರಂಪರೆ

ಹುಬ್ಬಳ್ಳಿ-ಧಾರವಾಡ ಪರಿಸರದ ಆಡುಮಾತಿನಲ್ಲಿ ಹಿಮಕ್ಕೆ ಸಂಬಂಧಿಸಿದ ಪದಗಳು ತೀರ ಕಡಿಮೆ. ಬೇಸಗೆಯ ಅಡ್ಡಮಳೆಯೊಂದಿಗೆ ಬೀಳುವ ಆಣೆಕಲ್ಲು, ಚಳಿಗಾಲದ ಬೆಳಗಿನ ಮಂಜು, ಹುಲ್ಲಿನ ತುದಿಯ ಇಬ್ಬನಿ, ಪೇಟೆಯಿಂದ ಬಂದ ಬರ್ಫ ಇಷ್ಟರಲ್ಲಿ ಈ ಸೀಮೆಯ ಜನರ ಶೀತಾನುಭವದ ಪದಕೋಶ ಮುಗಿಯುತ್ತದೆ. ಅವಳಿ ನಗರಕ್ಕೆ ಕುಡಿಯುವ ನೀರೊದಗಿಸುವ ಮಲಪ್ರಭೆಯಾಗಲಿ, ಧಾರವಾಡದ ಬಳಿ ಹುಟ್ಟುವ ಶಾಲ್ಮಲೆಯಾಗಲಿ ಮಳೆಯನ್ನೇ ನಂಬಿದ ಹೊಳೆಗಳು. ಹಿಮ ಕರಗಿ ಹರಿಯುವ ನೀರು ಕನ್ನಡ ನಾಡಿನ ಯಾವ ನದಿಗೂ ಸೇರುವುದಿಲ್ಲ. ಆದ್ದರಿಂದ ‘ಹಿಮನದಿ’ ಎಂಬ ಪದ ಕನ್ನಡಕ್ಕೆ ಬಂದುದು ಶಾಲೆಯ ಭೂಗೋಳ ಪುಸ್ತಕದ ಮೂಲಕ. ಅಮರಕೋಶವನ್ನು ಬಲ್ಲ ಪಂಡಿತರಿಗೆ ‘ಹಿಮಾನಿ’ ಎಂಬ ಪದ ಗೊತ್ತಿತ್ತಾದರೂ ಅದರ ಅರ್ಥ ಹಿಮದ ರಾಶಿ ಎಂದಷ್ಟೇ. ರಾಶಿಯು ಹರಿಯುತ್ತದೆ ಎಂಬ ಕಲ್ಪನೆ ಅದರಲ್ಲಿಲ್ಲ.

ಇದು ಕೇವಲ ಪದಗಳ ವಿಚಾರವಾಗಿದ್ದರೆ ಇಲ್ಲಿ ಪ್ರಸ್ತಾಪಿಸುವ ಅಗತ್ಯವಿರಲಿಲ್ಲ. ಆದರೆ ಹಿಮನದಿಯೊಂದರ ಮಗ್ಗುಲಲ್ಲಿಯೇ ಕನ್ನಡಿಗರ ಒಂದು ಪರಂಪರೆ ಶತಮಾನಗಳಿಂದ ನೆಲೆಸಿದೆ. ಬೀಳುವ ಹಿಮ, ಗಟ್ಟಿಗೊಂಡ ಹಿಮಗಡ್ಡೆ, ಹರಿಯುವ ಹಿಮ, ಕುಸಿಯುವ ಹಿಮ ಈ ನಾಲ್ಕನ್ನೂ ಒಂದೇ ಶಬ್ದದಲ್ಲಿ ಹೇಳಿಬಿಡುವ ರೂಢಿಯಿಂದಾಗಿ ಆ ಪರಂಪರೆಯ ಚರಿತ್ರೆಯಲ್ಲಿಯೇ ಕೆಲವು ಗೊಂದಲಗಳು ಸೇರಿಕೊಂಡಿವೆ. ಅವುಗಳಲ್ಲಿ ಮುಖ್ಯವಾದುದು ಕೇದಾರನಾಥ ದೇವಾಲಯವು ನಾನೂರು ವರ್ಷ ಹಿಮದಡಿಯಲ್ಲಿತ್ತು ಎಂಬ ಹೇಳಿಕೆ. ಇದನ್ನು ಪರಿಶೀಲಿಸಬೇಕಾದರೆ ಮಠದ ಐತಿಹ್ಯದೊಂದಿಗೆ ಹಿಮನದಿಯ ನಡೆಯನ್ನೂ ತಿಳಿಯಬೇಕಾಗುತ್ತದೆ.

ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ 3,583 ಮೀಟರ್ ಎತ್ತರದಲ್ಲಿರುವ ಕೇದಾರನಾಥದ ಪ್ರಧಾನ ಅರ್ಚಕರನ್ನು ‘ರಾವಲ’ ಎಂದು ಕರೆಯುತ್ತಾರೆ. ಈ ಸ್ಥಾನಕ್ಕೆ ಕರ್ನಾಟಕ ಮೂಲದ ವೀರಶೈವ ಜಂಗಮರು ಬರುವುದು ರೂಢಿ. ರಾವಲರು ಸ್ವತಃ ನಿತ್ಯಪೂಜೆ ಮಾಡುವುದಿಲ್ಲ. ಅವರ ಆಜ್ಞೆಯಂತೆ ಸಹಾಯಕ ಅರ್ಚಕರು ಪೂಜೆ ನೆರವೇರಿಸುತ್ತಾರೆ. ದೀಪಾವಳಿಯ ನಂತರದ ಯಮದ್ವಿತೀಯೆಯಂದು ದೇವಾಲಯದ ಬಾಗಿಲು ಮುಚ್ಚಿದ ಮೇಲೆ ಉತ್ಸವಮೂರ್ತಿಯು ಊಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ಇಳಿದು ಬರುತ್ತದೆ. ಬೇಸಗೆಯಲ್ಲಿ ಮತ್ತೆ ಏರುತ್ತದೆ. ವೀರಶೈವ ಪಂಚಪೀಠಗಳ ಸಂಪ್ರದಾಯದಲ್ಲಿ ಊಖೀಮಠವು ವೈರಾಗ್ಯ ಸಿಂಹಾಸನ. ಅದರ ಮೂಲಪುರುಷ ಏಕೋರಾಮಾರಾಧ್ಯ. ಬಾಳೆಹೊನ್ನೂರು, ಉಜ್ಜಯಿನಿ, ಶ್ರೀಶೈಲ, ಕಾಶಿ ಉಳಿದ ನಾಲ್ಕು. ಪಂಚಪೀಠಗಳ ಪ್ರಾಚೀನತೆಯನ್ನು ಕುರಿತು ವಿದ್ವಾಂಸರಲ್ಲಿ ತೀವ್ರ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆಯನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. ಪೀಠದ ಆರಂಭಕಾಲ ಯಾವುದೇ ಇರಲಿ, ಕೇದಾರ ಎಂಬ ಸ್ಥಳದ ಹೆಸರು ಹನ್ನೊಂದು-ಹನ್ನೆರಡನೆಯ ಶತಮಾನಗಳಷ್ಟು ಹಿಂದೆಯೇ ಕನ್ನಡ ನಾಡಿನಲ್ಲಿ ಪೂಜ್ಯವಾಗಿತ್ತು ಎಂಬುದಕ್ಕೆ ಶಾಸನಗಳ ಆಧಾರವಿದೆ.

ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯ ಇದಕ್ಕೆ ಬಹುಮುಖ್ಯ ಸಾಕ್ಷಿ. ಕಾಳಾಮುಖ ಯತಿಗಳ ಕೇಂದ್ರವಾಗಿದ್ದ ಅಲ್ಲಿನ ಕೋಡಿಯ ಮಠವು ‘ದಕ್ಷಿಣ ಕೇದಾರ’ದ ಸ್ಥಾನವೆಂದು ಪ್ರಸಿದ್ಧವಾಗಿತ್ತು. ಕ್ರಿ.ಶ. 1162ರ ಶಾಸನವು ಈ ಮಠವನ್ನು ವೇದ, ವ್ಯಾಕರಣ, ದರ್ಶನಗಳ ಅಧ್ಯಯನಸ್ಥಾನವೆಂದೂ ದೀನರಿಗೆ, ಅನಾಥರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ದೊರೆಯುವ ಸ್ಥಾನವೆಂದೂ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೆಂದೂ ವರ್ಣಿಸುತ್ತದೆ. ಹಳೇಬೀಡಿನಲ್ಲಿಯೂ ಇಮ್ಮಡಿ ಬಲ್ಲಾಳನ ಕಾಲದ ಒಂದು ಕೇದಾರೇಶ್ವರ ದೇವಾಲಯವಿದೆ. ದುರ್ಗಮವಾದ ಕ್ಷೇತ್ರವೊಂದನ್ನು ತಮ್ಮ ನೆಲದಲ್ಲಿ ಮರುಸ್ಥಾಪಿಸಿಕೊಳ್ಳುವ ಈ ಕ್ರಮ ಜಾನಪದದಲ್ಲಿಯೂ ಸಾಮಾನ್ಯ. ಹೋಗಲಾರದವನಿಗೆ ದೇವರೇ ಬಂದು ನೆಲೆಸಿದನೆಂಬ ಕಥೆ ಊರೂರಿನಲ್ಲಿ ದೊರೆಯುತ್ತದೆ. ಬಳ್ಳಿಗಾವೆಗೆ ಕೇದಾರ ಬಂದ, ಆದರೆ ಅವನ ಹಿಮ ಬರಲಿಲ್ಲ. ಸಂಸ್ಕೃತದಲ್ಲಿಯೂ ಹಳಗನ್ನಡ ಕಾವ್ಯಗಳಲ್ಲಿಯೂ ‘ಕೇದಾರ’ ಎಂದರೆ ನೀರು ನಿಂತ ಗದ್ದೆ ಎಂಬ ಅರ್ಥವಿರುವುದು ಇಲ್ಲಿ ಸ್ವಾರಸ್ಯಕರ. ಮಲೆನಾಡಿನ ಅಂಚಿನ ಒಕ್ಕಲಿಗನಿಗೆ ಹಿಮಾಲಯದ ಕೇದಾರಕ್ಕಿಂತ ಈ ಕೇದಾರವೇ ಹತ್ತಿರದ್ದು.

ಜನಸಾಮಾನ್ಯರ ಮಟ್ಟದಲ್ಲಿ ಹಿಮಾಲಯದ ನೀರು ಧಾರವಾಡ ಸೀಮೆಯ ಮನೆಗಳನ್ನು ಸೇರಿದುದು ಗಂಗೆಯ ಗಿಂಡಿಯ ಮೂಲಕ. ಕಾಶಿ, ಹರಿದ್ವಾರಗಳಿಗೆ ಹೋದವರು ಬಾಯಿ ಬೆಸೆದ ಪುಟ್ಟ ತಾಮ್ರದ ಗಿಂಡಿಯಲ್ಲಿ ಗಂಗೆಯನ್ನು ತಂದು, ಪೂಜೆ ಮಾಡಿ, ಬಂಧುಬಳಗಕ್ಕೆ ಊಟ ಹಾಕಿ, ಆ ಗಿಂಡಿಯನ್ನು ಜಗಲಿಯ ಮೇಲೆ ದೇವರೊಂದಿಗೆ ಇಡುತ್ತಿದ್ದರು. ಮನೆಯ ಹಿರಿಯರ ಕೊನೆಗಾಲದಲ್ಲಿ ಅದನ್ನು ಒಡೆದು ಬಾಯಿಗೆ ನೀರು ಬಿಡುವುದು ವಾಡಿಕೆ. ಆ ಗಿಂಡಿಯ ನೀರಿನಲ್ಲಿ ಕರಗಿದ ಹಿಮನದಿಯ ಪಾಲು ಎಷ್ಟು ಎಂದು ಯಾರೂ ಕೇಳಿರಲಾರರು. ಬಯಲಿಗಿಳಿದ ಗಂಗೆಯಲ್ಲಿ ಮುಂಗಾರು ಮಳೆಯ ಪಾಲೇ ದೊಡ್ಡದು. ಹಿಮನದಿಯ ಪಾಲು ಚಿಕ್ಕದು. ಎತ್ತರದ ಕಣಿವೆಗಳಲ್ಲಿ, ಅದರಲ್ಲಿಯೂ ಮಳೆಯಿಲ್ಲದ ಬೇಸಗೆಯಲ್ಲಿ ಮಂದಾಕಿನಿ, ಭಾಗೀರಥಿ, ಅಲಕನಂದೆಯರು ಬತ್ತದೆ ಹರಿಯುವುದು ಮಾತ್ರ ಕರಗುವ ಹಿಮದಿಂದಲೇ.

ಕೇದಾರನಾಥದ ಹಿಂಬದಿಯಲ್ಲಿ ಮಂದಾಕಿನಿಯನ್ನು ಹುಟ್ಟಿಸುವ ಹಿಮನದಿಯ ಹೆಸರು ಚೋರಾಬಾರಿ. 6,940 ಮೀಟರ್ ಎತ್ತರದ ಕೇದಾರನಾಥ ಶಿಖರದ ಕಡೆಯಿಂದ ಇಳಿದು ಬರುವ ಇದರ ಉದ್ದ ಸುಮಾರು 7 ಕಿ.ಮೀ. ಹಿಮನದಿಯು ನೀರಿನ ನದಿಯಂತೆ ಒಂದೇ ಮೂಲದಿಂದ ಹೊರಡುವುದಿಲ್ಲ. ಮೇಲಿನ ಇಳಿಜಾರುಗಳಲ್ಲಿ ವರ್ಷವರ್ಷವೂ ಬಿದ್ದ ಹಿಮ ಪೂರ್ತಿ ಕರಗದೆ ಉಳಿಯುತ್ತದೆ. ಅದರ ಮೇಲೆ ಮರುವರ್ಷದ್ದು ಬೀಳುತ್ತದೆ. ಪದರದ ಮೇಲೆ ಪದರ ಕೂತು, ಅಡಿಯ ಹಿಮದೊಳಗಿನ ಗಾಳಿ ಹೊರಬಿದ್ದು, ಹರಳುಗಳು ಬೆಸೆದುಕೊಂಡು ಗಟ್ಟಿ ಹಿಮಗಡ್ಡೆಯಾಗುತ್ತದೆ. ಹತ್ತಾರು ಮೀಟರು ದಪ್ಪವಾದ ಇಂಥ ಗಡ್ಡೆ ತನ್ನ ಭಾರಕ್ಕೆ ತಾನೇ ಮಣಿಯತೊಡಗುತ್ತದೆ. ನೋಡಲು ಕಲ್ಲಿನಂತಿದ್ದರೂ ಅದರ ನಡೆ ಆಲೆಮನೆಯ ಜೋನಿಬೆಲ್ಲದ ನಡೆ. ನಡುವೆ ವೇಗ ಹೆಚ್ಚು, ಬದಿಗಳಲ್ಲಿ ಕಡಿಮೆ. ಮೇಲ್ಮೈಯಲ್ಲಿ ಹೆಚ್ಚು, ತಳದಲ್ಲಿ ಕಡಿಮೆ. ತಳದಲ್ಲಿ ಕರಗಿದ ನೀರಿನ ತೆಳುಪದರವಿದ್ದರೆ ಇಡೀ ರಾಶಿಯೇ ಬಂಡೆಯ ಮೇಲೆ ಜಾರುತ್ತದೆ. ಹಿಮಾಲಯದ ಹಿಮನದಿಗಳಲ್ಲಿ ಈ ವೇಗ ವರ್ಷಕ್ಕೆ ಕೆಲವು ಮೀಟರುಗಳಿಂದ ಹತ್ತಾರು ಮೀಟರುಗಳವರೆಗೆ ಇರುತ್ತದೆ. ಕಣ್ಣಿಗೆ ಕಾಣದ ಈ ನಡೆಯಲ್ಲಿಯೇ ಅದು ಬೆಟ್ಟದ ಬಂಡೆಗಳನ್ನು ಕೀಳುತ್ತದೆ, ತಳಕ್ಕೆ ಸಿಕ್ಕಿಸಿಕೊಂಡು ಉಜ್ಜುತ್ತದೆ, ಬದಿಗೆ ತಳ್ಳಿ ಉದ್ದನೆಯ ದಿಬ್ಬಗಳನ್ನು ಕಟ್ಟುತ್ತದೆ.

ಕೆಳಗಿಳಿದಂತೆ ಬಿಸಿಲು ಹೆಚ್ಚಿ ಕರಗುವಿಕೆ ಹೆಚ್ಚುತ್ತದೆ. ಮೇಲಿನಿಂದ ಬರುವ ಹಿಮ, ಕೆಳಗೆ ಕರಗುವ ಹಿಮ ಇವೆರಡೂ ಸರಿಹೋಗುವ ಸ್ಥಳದಲ್ಲಿ ಹಿಮನದಿಯ ಮುಖ ನಿಲ್ಲುತ್ತದೆ. ಭಾಗೀರಥಿ ಹೊರಡುವ ಗೋಮುಖ ಅಂಥದೊಂದು ಮುಖ. ಹಿಮನದಿ ಹಿಂದೆ ಸರಿಯಿತು ಎಂದಾಗ ಅದರ ಹಿಮ ಬೆಟ್ಟದ ಕಡೆಗೆ ತಿರುಗಿ ನಡೆಯಿತೆಂದು ತಿಳಿಯಬಾರದು. ಹಿಂದೆ ಸರಿಯುತ್ತಿರುವ ಹಿಮನದಿಯ ಹಿಮವೂ ಮುಂದಕ್ಕೇ ಹರಿಯುತ್ತಿರುತ್ತದೆ. ಬಂದುದಕ್ಕಿಂತ ಕರಗಿದ್ದು ಹೆಚ್ಚಾದಾಗ ಮುಖವಷ್ಟೇ ಹಿಂದಕ್ಕೆ ಸರಿಯುತ್ತದೆ.

ಈ ಹಿನ್ನೆಲೆಯಲ್ಲಿ ನಾನೂರು ವರ್ಷಗಳ ಹೇಳಿಕೆಯನ್ನು ನೋಡಬಹುದು. ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯ ಆರ್. ಕೆ. ಚೌಜರ್ ಅವರು ಚೋರಾಬಾರಿಯ ದಿಬ್ಬಗಳ ಮೇಲಿನ ಕಲ್ಲುಹೂವುಗಳನ್ನು ಅಳೆದು 2009ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಕಲ್ಲುಹೂವು ಬಂಡೆಯ ಮೇಲೆ ಅತಿ ನಿಧಾನವಾಗಿ, ಹೆಚ್ಚುಕಡಿಮೆ ನಿಯತವಾದ ಗತಿಯಲ್ಲಿ ಬೆಳೆಯುವ ಜೀವಿ. ಅದರ ಅಗಲವನ್ನು ಅಳೆದರೆ ಆ ಬಂಡೆ ಹಿಮದಿಂದ ಬಿಡುಗಡೆಯಾಗಿ ಎಷ್ಟು ಕಾಲವಾಯಿತೆಂದು ಅಂದಾಜಿಸಬಹುದು. ಈ ಕ್ರಮದಿಂದ ಅಲ್ಲಿ ಕಿರು ಹಿಮಯುಗವು ಹದಿನಾಲ್ಕನೆಯ ಶತಮಾನದ ಮಧ್ಯಭಾಗದಲ್ಲಿ ಆರಂಭವಾಯಿತೆಂದೂ, ಹಿಮನದಿಯು ತನ್ನ ಗರಿಷ್ಠ ಮುನ್ನಡೆಯಿಂದ ಸುಮಾರು 1748ರಲ್ಲಿ ಹಿಂಜರಿಯತೊಡಗಿತೆಂದೂ, ಒಟ್ಟು ನಾಲ್ಕು ಹಂತಗಳ ಮುನ್ನಡೆ-ಹಿನ್ನಡೆಗಳು ಕಾಣುತ್ತವೆಯೆಂದೂ ಅವರು ತೀರ್ಮಾನಿಸಿದರು. 2013ರ ದುರಂತದ ನಂತರ ಪತ್ರಿಕೆಗಳು ಈ ಎರಡು ಕಾಲಘಟ್ಟಗಳ ನಡುವಣ ಅಂತರವನ್ನು ಲೆಕ್ಕಹಾಕಿ, ದೇವಾಲಯವೇ ನಾನೂರು ವರ್ಷ ಹಿಮದಲ್ಲಿ ಹೂತುಹೋಗಿತ್ತೆಂದು ಬರೆದವು. ಗೋಡೆಯ ಕಲ್ಲುಗಳ ಮೇಲಿನ ಗೀರುಗಳನ್ನು ಇದಕ್ಕೆ ಸಾಕ್ಷಿಯಾಗಿ ತೋರಿಸಲಾಯಿತು. ಇಂದು ಈ ಮಾತು ಕನ್ನಡದ ಯಾತ್ರಾಪುಸ್ತಕಗಳಲ್ಲಿಯೂ ಭಾಷಣಗಳಲ್ಲಿಯೂ ಸಿದ್ಧಸತ್ಯವೆಂಬಂತೆ ಪುನರುಕ್ತವಾಗುತ್ತಿದೆ.

ಇದು ಸಣ್ಣ ಪ್ರಶ್ನೆಯಲ್ಲ. ಹೇಳಿಕೆ ನಿಜವಾದರೆ ಹದಿನಾಲ್ಕರಿಂದ ಹದಿನೆಂಟನೆಯ ಶತಮಾನದವರೆಗೆ, ಎಂದರೆ ವಿಜಯನಗರದ ಆರಂಭಕಾಲದಿಂದ ಪೇಶವೆಗಳ ಕಾಲದವರೆಗೆ, ಕೇದಾರದಲ್ಲಿ ಪೂಜೆಯೇ ನಡೆದಿಲ್ಲವೆಂದಾಗುತ್ತದೆ. ಅವಿಚ್ಛಿನ್ನ ಪರಂಪರೆ ಎಂಬ ಮಠದ ಹೇಳಿಕೆಗೂ ನಾನೂರು ವರ್ಷದ ಹಿಮ ಎಂಬ ಹೇಳಿಕೆಗೂ ಹೊಂದಿಕೆಯಾಗದು. ವಿಚಿತ್ರವೆಂದರೆ ಈ ಎರಡನ್ನೂ ಒಂದೇ ಪುಟದಲ್ಲಿ ಹೆಮ್ಮೆಯಿಂದ ಬರೆಯುವವರಿದ್ದಾರೆ.

ಮೂಲ ಅಧ್ಯಯನ ಹೇಳುವುದು ಹಿಮನದಿಯ ದಿಬ್ಬಗಳ ಕಾಲವನ್ನು. ಕಿರು ಹಿಮಯುಗದಲ್ಲಿ ಹಿಮನದಿ ಬೆಳೆದಿತ್ತು ಎಂಬುದರಿಂದ ಆ ಕಾಲದುದ್ದಕ್ಕೂ ಅದು ದೇವಾಲಯದ ಮೇಲೆಯೇ ಕುಳಿತಿತ್ತು ಎಂದು ಸಿದ್ಧವಾಗುವುದಿಲ್ಲ. ಎರಡನೆಯದಾಗಿ, ಹಿಮನದಿಯ ಸ್ವಭಾವವೇ ಈ ಹೇಳಿಕೆಗೆ ವಿರುದ್ಧವಾಗಿದೆ. ಗಾರ್ಹ್ವಾಲದಂಥ ಪ್ರದೇಶದಲ್ಲಿ, 3,600 ಮೀಟರಿನ ಆಸುಪಾಸಿನ ಎತ್ತರದಲ್ಲಿ, ಹಿಮನದಿಯ ತಳ ಕರಗುವ ಬಿಂದುವಿನಲ್ಲಿರುತ್ತದೆ; ಆದ್ದರಿಂದ ಅದು ನೆಲದ ಮೇಲೆ ಜಾರುತ್ತ, ಬಂಡೆಗಳನ್ನು ಉರುಳಿಸುತ್ತ ಹೋಗುತ್ತದೆ. ಕಣಿವೆಯ ನಡುವೆ ಎದ್ದು ನಿಂತ ಕಲ್ಲಿನ ಕಟ್ಟಡವೊಂದು ಅದರ ದಾರಿಯಲ್ಲಿ ಶತಮಾನಗಳ ಕಾಲ ಅಲುಗದೆ ಉಳಿಯುವುದು ನಂಬಲು ಕಷ್ಟ. ತಳವೇ ನೆಲಕ್ಕೆ ಹೆಪ್ಪುಗಟ್ಟಿ ನಿಂತ ಅತಿಶೀತಲ ಪ್ರದೇಶಗಳ ಹಿಮದಡಿಯಲ್ಲಿ ಹಳೆಯ ವಸ್ತುಗಳು ಕೆಡದೆ ಉಳಿದಿರುವ ನಿದರ್ಶನಗಳುಂಟು. ಕೇದಾರ ಅಂಥ ಪ್ರದೇಶವಲ್ಲ. ಗೋಡೆಯ ಗೀರುಗಳ ವಿಚಾರವೂ ಹೀಗೆಯೇ. ಹಿಮನದಿ ತಂದು ಸುರಿದ ಕಲ್ಲುಗಳು ರಾಶಿರಾಶಿಯಾಗಿ ಬಿದ್ದಿರುವ ಬಯಲಿನಲ್ಲಿ ದೇವಾಲಯ ಕಟ್ಟಿದವರು ಅವುಗಳನ್ನೇ ಬಳಸಿದ್ದರೆ, ಗೀರುಗಳು ಕಟ್ಟಡಕ್ಕಿಂತ ಹಳೆಯವಾಗುತ್ತವೆ.

ಗೊಂದಲದ ಬೇರು ಪದದಲ್ಲಿದೆ. ಚಳಿಗಾಲದ ಆರು ತಿಂಗಳು ಕೇದಾರನಾಥ ಹಿಮದಲ್ಲಿ ಹುದುಗುವುದು ನಿಜ. ಅದು ಆಕಾಶದಿಂದ ಬಿದ್ದು, ಇದ್ದಲ್ಲಿಯೇ ನಿಂತು, ಬೇಸಗೆಯಲ್ಲಿ ಕರಗಿಹೋಗುವ ಹಿಮ. ಕಿರು ಹಿಮಯುಗದಲ್ಲಿ ಅದು ಹೆಚ್ಚು ಆಳವಾಗಿ, ಹೆಚ್ಚು ಕಾಲ ನಿಂತಿದ್ದಿರಬಹುದು. ಕೆಲವು ವರ್ಷ ಬಾಗಿಲು ತೆರೆಯುವುದೇ ಆಗಿರಲಿಕ್ಕಿಲ್ಲ. ‘ಹಿಮದಡಿಯಲ್ಲಿತ್ತು’ ಎಂಬ ನೆನಪು ಈ ಬಗೆಯದಾಗಿದ್ದರೆ ಪರಂಪರೆಯ ಹೇಳಿಕೆಗೂ ಭೂವಿಜ್ಞಾನಕ್ಕೂ ವಿರೋಧವಿಲ್ಲ. ಅಂಥ ದುರ್ಭರ ವರ್ಷಗಳಲ್ಲಿ ಕೇದಾರದ ಪೂಜೆಯನ್ನು ಉಳಿಸಿರಬಹುದಾದದ್ದು ಕೆಳಗಿನ ಊಖೀಮಠ. ಮೇಲೊಂದು, ಕೆಳಗೊಂದು ಎಂಬ ಎರಡು ನೆಲೆಗಳ ವ್ಯವಸ್ಥೆಯ ಚಾರಿತ್ರಿಕ ಮಹತ್ವವನ್ನು ಸಂಶೋಧಕರು ಇನ್ನೂ ಸಾಕಷ್ಟು ಗಮನಿಸಿಲ್ಲ.

ಐತಿಹ್ಯದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಪಾಂಡವರಿಗೆ ಸಿಕ್ಕದಿರಲೆಂದು ಶಿವನು ಎತ್ತಾಗಿ ನೆಲದೊಳಕ್ಕೆ ಮುಳುಗಿದನು, ಭೀಮನು ಹಿಡಿಯಲಾಗಿ ಹಿಣಿಲು ಮಾತ್ರ ಕೇದಾರದಲ್ಲಿ ಉಳಿಯಿತು, ಉಳಿದ ಅಂಗಗಳು ತುಂಗನಾಥ, ರುದ್ರನಾಥ, ಮಧ್ಯಮಹೇಶ್ವರ, ಕಲ್ಪೇಶ್ವರಗಳಲ್ಲಿ ಕಾಣಿಸಿಕೊಂಡವು ಎಂಬ ಕಥೆ ಪ್ರಸಿದ್ಧ. ದೇವರು ಮರೆಯಾಗುವ ಈ ಆಶಯದಲ್ಲಿ ಹಿಮನದಿಯ ನೆನಪನ್ನು ಓದುವ ಉತ್ಸಾಹ ಕೆಲವರಿಗೆ ಬರಬಹುದು. ಮರೆಯಾಗುವ ದೇವರ ಆಶಯ ಹಿಮವನ್ನೇ ಕಾಣದ ನಾಡುಗಳಲ್ಲಿಯೂ ಹೇರಳವಾಗಿದೆ. ಹುತ್ತದಲ್ಲಿ ಹಾಲು ಕರೆವ ಆಕಳಿನ ಕಥೆಗಳೇ ಇದಕ್ಕೆ ಸಾಕ್ಷಿ. ಆದ್ದರಿಂದ ಅಂಥ ಓದಿಗೆ ಆಧಾರ ಸಾಲದು.

ಹಿಂದಿನ ಮುನ್ನಡೆಯ ಚರ್ಚೆಗಿಂತ ಇಂದಿನ ಹಿಂಜರಿತದ ದಾಖಲೆ ಹೆಚ್ಚು ಖಚಿತವಾಗಿದೆ. ವಾಡಿಯಾ ಸಂಸ್ಥೆಯ ಡಿ. ಪಿ. ಡೋಭಾಲ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ 1962ರಿಂದ 2012ರವರೆಗಿನ ಐವತ್ತು ವರ್ಷಗಳಲ್ಲಿ ಚೋರಾಬಾರಿಯ ಮುಖ ಸುಮಾರು 344 ಮೀಟರ್ ಹಿಂದೆ ಸರಿದಿದೆ. ವರ್ಷಕ್ಕೆ ಸರಾಸರಿ 6.8 ಮೀಟರ್. ಗಂಗೋತ್ರಿ ಹಿಮನದಿ 1935ರಿಂದ 1996ರವರೆಗೆ 1,100 ಮೀಟರಿಗೂ ಹೆಚ್ಚು ಸರಿದಿರುವುದಕ್ಕೆ ಹೋಲಿಸಿದರೆ ಇದು ಅಲ್ಪವೆಂದು ತೋರುತ್ತದೆ. ಆದರೆ ಅದೇ ಅಧ್ಯಯನವು 2003ರಿಂದ 2010ರ ಅವಧಿಯಲ್ಲಿ ಚೋರಾಬಾರಿಯು ತನ್ನ ಇಡೀ ಮೈಮೇಲೆ ವರ್ಷಕ್ಕೆ ಸರಾಸರಿ 0.73 ಮೀಟರ್ ನೀರಿನಷ್ಟು ಹಿಮವನ್ನು ಕಳೆದುಕೊಂಡಿತೆಂದೂ ತಿಳಿಸುತ್ತದೆ. ಏಳು ವರ್ಷಗಳಲ್ಲಿ ಐದು ಮೀಟರ್ ಆಳದ ನೀರು ಹೋದಂತಾಯಿತು. ಮುಖ ನಿಧಾನವಾಗಿ ಸರಿಯಲು ಕಾರಣ ಹಿಮನದಿಯ ಕೆಳಭಾಗವನ್ನು ಮುಚ್ಚಿರುವ ಕಲ್ಲುಮಣ್ಣಿನ ಹೊದಿಕೆ. ತೆಳುವಾದ ಹೊದಿಕೆ ಬಿಸಿಲನ್ನು ಹೀರಿ ಕರಗುವಿಕೆಯನ್ನು ಹೆಚ್ಚಿಸುತ್ತದೆ. ಕೆಲವು ಸೆಂಟಿಮೀಟರುಗಳಿಗಿಂತ ದಪ್ಪವಾದರೆ ಕಂಬಳಿಯಂತೆ ಹಿಮವನ್ನು ಕಾಯುತ್ತದೆ. ಕೆಳಗೆ ಕಂಬಳಿ ಹೊದ್ದ ಹಿಮ ಉಳಿಯುತ್ತದೆ, ಮೇಲೆ ಬಯಲಾಗಿರುವ ಹಿಮ ತೆಳುವಾಗುತ್ತದೆ. ಧಾರವಾಡ ಸೀಮೆಯ ಹಳೆಯ ಮನೆಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವುಗಳನ್ನು ಕಂಡವರಿಗೆ ಈ ಬಗೆಯ ನಷ್ಟ ಬೇಗ ಅರ್ಥವಾದೀತು. ಹಗೇವಿನ ಬಾಯಿಗಲ್ಲು ಇದ್ದಲ್ಲಿಯೇ ಇರುತ್ತದೆ; ಒಳಗಿನ ಕಾಳು ಎಷ್ಟು ಇಳಿದಿದೆಯೆಂದು ಇಳಿದು ನೋಡಿದವನಿಗಷ್ಟೇ ಗೊತ್ತು. ಹಿಮನದಿ ಎಷ್ಟು ಸರಿದಿದೆ ಎಂದು ಕೇಳುವವರು ಎಷ್ಟು ತೆಳುವಾಗಿದೆ ಎಂಬುದನ್ನೂ ಕೇಳಬೇಕಾದುದು ಇದಕ್ಕಾಗಿ.

ಹೀಗೆ ತೆಳುವಾದ ಹಿಮನದಿ ತನ್ನ ಬದಿಯ ದಿಬ್ಬಗಳನ್ನು ಎತ್ತರದಲ್ಲಿಯೇ ಬಿಟ್ಟು ಕೆಳಗಿಳಿಯುತ್ತದೆ. ಒತ್ತು ಕೊಡುತ್ತಿದ್ದ ಹಿಮವಿಲ್ಲದೆ ಆ ದಿಬ್ಬಗಳು ಸಡಿಲ ಕಲ್ಲುಮಣ್ಣಿನ ಗೋಡೆಗಳಾಗಿ ನಿಲ್ಲುತ್ತವೆ. ಚೋರಾಬಾರಿಯ ಬಲದಂಡೆಯ ಅಂಥ ದಿಬ್ಬಕ್ಕೂ ಬೆಟ್ಟಕ್ಕೂ ನಡುವೆ, ದೇವಾಲಯದಿಂದ ಸುಮಾರು 2 ಕಿ.ಮೀ. ಮೇಲೆ, ಚೋರಾಬಾರಿ ತಾಲ ಎಂಬ ಸರೋವರವಿತ್ತು. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ಅಲ್ಲಿ ವಿಸರ್ಜಿಸಿದ್ದರಿಂದ ಅದಕ್ಕೆ ಗಾಂಧಿ ಸರೋವರವೆಂಬ ಹೆಸರೂ ಬಂದಿತ್ತು. 2013ರ ಜೂನ್ 15ರ ಸಂಜೆಯಿಂದ ಮರುದಿನ ಸಂಜೆಯವರೆಗೆ ವಾಡಿಯಾ ಸಂಸ್ಥೆಯ ವೀಕ್ಷಣಾಲಯದಲ್ಲಿ ದಾಖಲಾದ ಮಳೆ 325 ಮಿ.ಮೀ. ಚಳಿಗಾಲದ ಹಿಮ ಇನ್ನೂ ಪೂರ್ತಿ ಕರಗದಿದ್ದ ಕಾಲವದು. ಜೂನ್ 16ರ ಸಂಜೆಯೇ ಒಂದು ಪ್ರವಾಹ ಊರನ್ನು ಹೊಕ್ಕಿತು. 17ರ ಬೆಳಗಿನ ಸುಮಾರು 6-45ಕ್ಕೆ ದಿಬ್ಬ ಒಡೆದು ಸರೋವರ ಕೆಲವೇ ನಿಮಿಷಗಳಲ್ಲಿ ಬರಿದಾಯಿತು. ಪತ್ರಿಕೆಗಳು ಇದನ್ನು ‘ಮೇಘಸ್ಫೋಟ’ವೆಂದು ಕರೆದವು. ಗಂಟೆಯೊಂದರಲ್ಲಿ 100 ಮಿ.ಮೀ. ಮಳೆ ಎಂಬುದು ಮೇಘಸ್ಫೋಟದ ಅಳತೆ. ಇಲ್ಲಿ ಆದದ್ದು ದೀರ್ಘ ಮಳೆ, ಕರಗಿದ ಹಿಮ, ಒಡೆದ ದಿಬ್ಬ ಇವುಗಳ ಸಂಯೋಗ. ಮಂದಾಕಿನಿ ಕಣಿವೆಯೂ ಸೇರಿ ರಾಜ್ಯದಲ್ಲಿ ಸತ್ತವರು, ಕಾಣೆಯಾದವರ ಸಂಖ್ಯೆ 5,000ಕ್ಕೂ ಹೆಚ್ಚು. ಕರ್ನಾಟಕದ ಯಾತ್ರಿಕರೂ ಆ ಬೆಟ್ಟಗಳಲ್ಲಿ ಸಿಲುಕಿದ್ದರು.

ದೇವಾಲಯ ಉಳಿಯಿತು. ಅದರ ಹಿಂದೆ ಬಂದು ನಿಂತು ನೀರನ್ನು ಇಬ್ಬದಿಗೆ ಸೀಳಿದ ಬಂಡೆಗೆ ಕೆಲವೇ ದಿನಗಳಲ್ಲಿ ‘ಭೀಮಶಿಲೆ’ ಎಂಬ ಹೆಸರು ಬಂದು ಪೂಜೆ ಆರಂಭವಾಯಿತು. ಐತಿಹ್ಯವೊಂದು ಹುಟ್ಟುವುದನ್ನು ಇಷ್ಟು ಸಮೀಪದಿಂದ ನೋಡುವ ಅವಕಾಶ ಜಾನಪದ ವಿದ್ವಾಂಸರಿಗೆ ಅಪರೂಪ. 1882ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ತೆಗೆದ ಛಾಯಾಚಿತ್ರದಲ್ಲಿ ದೇವಾಲಯದ ಸುತ್ತ ಕೆಲವೇ ಕಟ್ಟಡಗಳು ಕಾಣುತ್ತವೆ. 2013ರಲ್ಲಿ ಕೊಚ್ಚಿಹೋದುದು ಆ ನಂತರ ಹಿಮನದಿಯ ನೀರು ಹರಡಿದ ಬಯಲಿನ ಮೇಲೆ ಬೆಳೆದ ಪೇಟೆ. ದೇವಾಲಯದ ಹಿಂದಿದ್ದ ಶಂಕರಾಚಾರ್ಯರ ಸಮಾಧಿಯೂ ಹೋಯಿತು. ಆ ಸ್ಥಳದಲ್ಲಿ 2021ರ ನವೆಂಬರ್ 5ರಂದು ಅನಾವರಣಗೊಂಡ 12 ಅಡಿ ಎತ್ತರದ ಶಂಕರರ ವಿಗ್ರಹವನ್ನು ಕಡೆದವರು ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್. ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಶಿಲ್ಪಿಗಳು ಬಳಸುತ್ತಿದ್ದ ಜಾತಿಯ ಪದರುಗಲ್ಲೇ ಅದಕ್ಕೂ ಬಳಕೆಯಾಗಿದೆ. ಕನ್ನಡ ನಾಡಿನಿಂದ ದಕ್ಷಿಣ ಕೇದಾರಕ್ಕೆ ಹೆಸರು ಬಂದ ದಾರಿಯಲ್ಲಿಯೇ ಕಲ್ಲೊಂದು ಹಿಂದಿರುಗಿ ಹೋದಂತಾಯಿತು.

ಹುಬ್ಬಳ್ಳಿ-ಧಾರವಾಡದ ಜನ ಹಿಮನದಿ ಎಂಬ ಪದವನ್ನು ಮನೆಮನೆಯಲ್ಲಿ ಆಡಿದ್ದು ಮಾತ್ರ ಕೇದಾರದ ಕಾರಣದಿಂದಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿ ಪ್ರದೇಶದ ಸೋನಂ ಠಾಣೆಯ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮಕುಸಿತವಾಗಿ ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಹತ್ತು ಸೈನಿಕರು ಹೂತುಹೋದರು. ಆರನೆಯ ದಿನ, ಸುಮಾರು 25 ಅಡಿ ಆಳದಲ್ಲಿ, ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಜೀವಂತ ದೊರೆತರು. ಅವರು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ಫೆಬ್ರವರಿ 11ರಂದು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಸಾವಿರಾರು ಜನ ಅಂತಿಮ ದರ್ಶನ ಪಡೆದ ಮೇಲೆ 12ರಂದು ಹುಟ್ಟೂರಿನಲ್ಲಿ ಸಮಾಧಿಯಾಯಿತು. ಅವರ ಜೊತೆಗೆ ಹೂತವರಲ್ಲಿ ಮೈಸೂರು, ಹಾಸನ ಜಿಲ್ಲೆಗಳ ಇಬ್ಬರೂ ಇದ್ದರು. ಆ ದಿನಗಳ ಕನ್ನಡ ಬರಹಗಳಲ್ಲಿ ಹಿಮನದಿ, ಹಿಮಪಾತ, ಹಿಮಕುಸಿತ ಎಂಬ ಪದಗಳು ಒಂದರ ಬದಲು ಇನ್ನೊಂದು ಬಳಕೆಯಾಗಿವೆ. ಹಿಮಪಾತ ಆಕಾಶದಿಂದ ಬೀಳುವ ಹಿಮ. ಹಿಮಕುಸಿತ ಇಳಿಜಾರಿನಿಂದ ಕ್ಷಣಮಾತ್ರದಲ್ಲಿ ಕಳಚಿ ಬೀಳುವ ರಾಶಿ. ಹಿಮನದಿ ಇವೆರಡನ್ನೂ ಹೊತ್ತು ನಿಧಾನವಾಗಿ ಸಾಗುವ ನೆಲ. 76 ಕಿ.ಮೀ.ಯಷ್ಟು ಉದ್ದದ ಸಿಯಾಚಿನ್ನಿನ ಮೇಲೆ 1984ರಿಂದ ಕಾವಲಿರುವ ಸೈನಿಕರು ನಿಂತಿರುವುದು ಇಂಥ ಚಲಿಸುವ ನೆಲದ ಮೇಲೆ. 1984ರ ಮೇ ತಿಂಗಳಲ್ಲಿ ಅಲ್ಲಿಯೇ ಹಿಮಕುಸಿತಕ್ಕೆ ಸಿಕ್ಕು ಕಾಣೆಯಾಗಿದ್ದ ಕುಮಾವೂಂ ರೆಜಿಮೆಂಟಿನ ಚಂದ್ರಶೇಖರ ಹರ್ಬೋಲಾ ಅವರ ಅವಶೇಷಗಳು 38 ವರ್ಷಗಳ ಬಳಿಕ, 2022ರ ಆಗಸ್ಟಿನಲ್ಲಿ, ದೊರೆತವು. ವೀರಗಲ್ಲು ನಿಲ್ಲಿಸುವ ಪದ್ಧತಿ ಹಬ್ಬಿದ್ದ ಧಾರವಾಡ ನೆಲದಲ್ಲಿ ತುರುಗೋಳಿನಲ್ಲಿ ಮಡಿದವರ, ಊರಳಿವಿನಲ್ಲಿ ಮಡಿದವರ ಕಲ್ಲುಗಳಿವೆ. ಹಿಮದಲ್ಲಿ ಮಡಿದವನ ಸ್ಮರಣೆ ಈ ನೆಲಕ್ಕೆ ಹೊಸದು.

ಹಿಮಾಲಯದ ಹಿಮನದಿಗಳ ಭವಿಷ್ಯವನ್ನು ಕುರಿತು ಬರೆಯುವಾಗ ಕನ್ನಡದಲ್ಲಿ ಇಂದಿಗೂ ಕೆಲವೆಡೆ 2035ನೆಯ ಇಸವಿ ಕಾಣಿಸಿಕೊಳ್ಳುತ್ತದೆ. ಆ ವೇಳೆಗೆ ಅವೆಲ್ಲ ಕರಗಿಹೋಗುತ್ತವೆ ಎಂಬ ವಾಕ್ಯ ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿಯ 2007ರ ವರದಿಯಲ್ಲಿತ್ತು. ಆಧಾರವಿಲ್ಲದ್ದೆಂದು 2010ರ ಜನವರಿಯಲ್ಲಿ ಸಮಿತಿಯೇ ಅದನ್ನು ಹಿಂದಕ್ಕೆ ಪಡೆಯಿತು. ತಪ್ಪು ಇಸವಿ ಹೋಯಿತೆಂದು ನಷ್ಟ ಸುಳ್ಳಾಗಲಿಲ್ಲ. ಕಠ್ಮಂಡುವಿನ ಪರ್ವತಾಭಿವೃದ್ಧಿ ಕೇಂದ್ರದ 2019ರ ವರದಿಯ ಪ್ರಕಾರ ಜಗತ್ತಿನ ತಾಪಮಾನದ ಏರಿಕೆಯನ್ನು 1.5 ಡಿಗ್ರಿಗೆ ತಡೆದರೂ ಹಿಂದೂಕುಶ-ಹಿಮಾಲಯದ ಹಿಮನದಿಗಳ ಮೂರನೆಯ ಒಂದು ಭಾಗ 2100ರ ವೇಳೆಗೆ ಇಲ್ಲವಾಗುತ್ತದೆ. ಅದೇ ಕೇಂದ್ರದ 2023ರ ವರದಿಯಂತೆ 2011-2020ರ ದಶಕದ ನಷ್ಟದ ವೇಗ ಹಿಂದಿನ ದಶಕಕ್ಕಿಂತ ನೂರಕ್ಕೆ 65ರಷ್ಟು ಹೆಚ್ಚು.

ಕೇದಾರದ ಮಟ್ಟಿಗೆ ಕನ್ನಡ ಸಂಶೋಧಕರು ಮಾಡಬಹುದಾದ ಕೆಲಸವೊಂದು ಬಾಕಿ ಉಳಿದಿದೆ. ದೇವಾಲಯದ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಊಖೀಮಠದಲ್ಲಿ ಪಂಚಾಂಗ ನೋಡಿ ನಿರ್ಣಯಿಸುವುದರಿಂದ ಆ ದಿನಾಂಕಗಳ ಪಟ್ಟಿ ಹಿಮದ ಚರಿತ್ರೆಗೆ ನೆರವಾಗದು. ಪಂಚಾಂಗಕ್ಕೆ ಹಿಮದ ಹಂಗಿಲ್ಲ. ಆದರೆ ಬಾಗಿಲು ತೆರೆದ ದಿನ ಎಷ್ಟು ಅಡಿ ಹಿಮ ಅಗೆಯಬೇಕಾಯಿತು, ಮಂದಾಕಿನಿ ಹೊರಡುವ ಹಿಮದ ಗವಿ ಯಾವ ಬಂಡೆಯ ಬಳಿಯಿತ್ತು, ಚೋರಾಬಾರಿ ತಾಲಕ್ಕೆ ಹೋಗುವ ಕಾಲುದಾರಿ ಯಾವ ಕಡೆಯಿಂದ ಸಾಗುತ್ತಿತ್ತು ಎಂಬುದು ಪೂಜೆಗಾಗಿ ಹೋಗಿ ಹಲವು ಬೇಸಗೆಗಳನ್ನು ಅಲ್ಲಿ ಕಳೆದು ಬಂದವರ ನೆನಪಿನಲ್ಲಿರುತ್ತದೆ. ಅಂಥ ಅರ್ಚಕರ ಮನೆತನಗಳು ಕರ್ನಾಟಕದ ಹಳ್ಳಿಗಳಲ್ಲಿವೆ; ಅವರು ಊರಿಗೆ ಬರೆದ ಕಾಗದಗಳು, ಯಾತ್ರಿಕರ ದಿನಚರಿಗಳು ಮಠಗಳ ಮತ್ತು ಮನೆಗಳ ಪೆಟ್ಟಿಗೆಗಳಲ್ಲಿ ಇದ್ದಿರಬಹುದು. 1962ರ ಭೂಪಟವನ್ನು ಮುಂದಿಟ್ಟುಕೊಂಡು ಈ ಹಿರಿಯರನ್ನು ಮಾತಾಡಿಸಿ, ಅವರು ತೋರಿಸಿದ ಸ್ಥಳವನ್ನು ಗುರುತು ಹಾಕಿಕೊಳ್ಳುವ ಕ್ಷೇತ್ರಕಾರ್ಯ ಕಷ್ಟದ್ದೇನಲ್ಲ. ಹಾಗೆ ಕೇಳುವವರು ‘ಹಿಮ’ ಎಂದು ಅವರು ಹೇಳಿದಾಗಲೆಲ್ಲ ಅದು ಬಿದ್ದ ಹಿಮವೋ ಹರಿಯುವ ಹಿಮವೋ ಎಂದು ಮತ್ತೊಮ್ಮೆ ಕೇಳಿ ಬರೆದುಕೊಳ್ಳಬೇಕು.